ಮುಂದಿನ 20 ವರ್ಷದ ಭೂಬಳಕೆ ನಕ್ಷೆ ಬಂದಿದೆ, ಆಕ್ಷೇಪಣೆಯಲ್ಲಿ ಏನು ಬರೆಯಬೇಕು?

ಕೆರೆದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕರಡು ಮಾಸ್ಟರ್ ಪ್ಲಾನ್ ಹೊರಬಿದ್ದಿದೆ. ಊರಾಚೆ ಈಗ ಹೊಲ ಇರುವ ಜಾಗವೆಲ್ಲ ಹಳದಿ, ಅಂದರೆ ಮನೆಗಳಿಗೆ. ಒಂದು ಮೂಲೆಯಲ್ಲಿ ನೇರಳೆ, ಅದು ಕೈಗಾರಿಕೆಗೆ. ಕೆರೆ ಸುತ್ತ ದಾರದಷ್ಟು ತೆಳ್ಳಗೆ ಒಂದು ಹಸಿರು ಪಟ್ಟಿ. ಊರು ಬೆಳೆಯಲೇಬಾರದು ಅಂತ ನಾನು ಹೇಳುತ್ತಿಲ್ಲ, ಮಕ್ಕಳು ದೊಡ್ಡವರಾಗುತ್ತಾರೆ, ಕೆಲಸ ಹುಡುಕಿಕೊಂಡು ಜನ ಬರುತ್ತಾರೆ, ಅವರಿಗೆಲ್ಲ ಮನೆ ಬೇಕಲ್ವಾ. ಆದರೆ ಇಷ್ಟೊಂದು ಹಳದಿ ನೋಡಿದರೆ ಭಯ ಆಗುತ್ತದೆ. ಆಕ್ಷೇಪಣೆ ಕೊಡಲು ಇನ್ನೂ ಸಮಯ ಇದೆ. ಸುಮ್ನೆ 'ಬೇಡ' ಅಂತ ಬರೆದರೆ ಯಾರೂ ಓದುವುದಿಲ್ಲ. ಏನು ಕೇಳಬೇಕು?

ನೀಲಿಪೆನ್ಸಿಲ್:
ಬಣ್ಣದ ಜೊತೆ ಸರದಿ ಕೇಳಿ. ಯಾವ ತುಂಡು ಮೊದಲು, ಯಾವುದು ಆಮೇಲೆ, ಅಲ್ಲಿಗೆ ನೀರು, ಒಳಚರಂಡಿ, ರಸ್ತೆ ಯಾವ ವರ್ಷ ಬರುತ್ತದೆ, ದುಡ್ಡು ಯಾರದು. ಹಳದಿ ಹಚ್ಚಿದ ಮಾತ್ರಕ್ಕೆ ಪೈಪು ಬರುವುದಿಲ್ಲ. ಎಲ್ಲ ಕಡೆ ಒಟ್ಟಿಗೆ ಅನುಮತಿ ಕೊಟ್ಟರೆ ಇಲ್ಲಿ ನಾಲ್ಕು ಮನೆ, ಅಲ್ಲಿ ಹತ್ತು ಮನೆ ಅಂತ ಚದುರಿ ಬೆಳೆಯುತ್ತದೆ, ಪ್ರತಿ ಗುಂಪಿಗೂ ಉದ್ದುದ್ದ ಪೈಪು ಎಳೆಯಬೇಕು, ಆಮೇಲೆ ಅದರ ರಿಪೇರಿ ಖರ್ಚು ಇಡೀ ಊರಿನ ತಲೆ ಮೇಲೆ.

ಇದಕ್ಕೆ ಒಳ್ಳೆಯ ಉದಾಹರಣೆ ನ್ಯೂಯಾರ್ಕ್ ರಾಜ್ಯದ ರಾಮಾಪೊ. ಅಲ್ಲಿ ಅಂಕದ ಪದ್ಧತಿ ತಂದರು. ಒಳಚರಂಡಿ, ಮಳೆನೀರಿನ ಚರಂಡಿ, ಪಾರ್ಕು-ಶಾಲೆ, ರಸ್ತೆ, ಅಗ್ನಿಶಾಮಕ ಠಾಣೆ, ಇವು ಎಷ್ಟು ಹತ್ತಿರ ಇವೆಯೋ ಅಷ್ಟು ಅಂಕ. 15 ಅಂಕ ಬಂದರೆ ಮಾತ್ರ ಲೇಔಟ್‌ಗೆ ಅನುಮತಿ. ಇಲ್ಲವಾದರೆ ಕಾಯಬೇಕಿತ್ತು, ಅಥವಾ ಕಟ್ಟುವವರೇ ಸ್ವಂತ ಖರ್ಚಿನಲ್ಲಿ ಆ ಸೌಲಭ್ಯ ಮಾಡಿಕೊಡಬೇಕಿತ್ತು. ಇದರ ಬೆನ್ನಿಗೆ ಯಾವ ಕಾಮಗಾರಿ ಯಾವಾಗ ಅನ್ನುವ 18 ವರ್ಷದ ಪಟ್ಟಿಯೂ ಇತ್ತು. ಕೋರ್ಟಿಗೆ ಹೋಯಿತು, 1972ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಸರಿ ಎಂದಿತು. ಆ ಪಟ್ಟಿ ಇದ್ದದ್ದರಿಂದಲೇ ವಾದ ನಿಂತದ್ದು. ನಿಮ್ಮ ಕರಡಿನಲ್ಲಿ ಅಂಥ ಪಟ್ಟಿ ಇದೆಯಾ, ಮೊದಲು ಅದನ್ನು ಹುಡುಕಿ.

ಮೂಲೆಮನೆ:
ಸರದಿಯ ಮಾತು ಒಪ್ಪುತ್ತೇನೆ, ಆದರೆ ತಡೆಯುವುದೊಂದನ್ನೇ ಕೇಳಬೇಡಿ. ಕೊಲೊರಾಡೊದ ಬೋಲ್ಡರ್ ಊರಿನವರು 1959ರಲ್ಲಿ ಮತ ಹಾಕಿ, 5,750 ಅಡಿಗಿಂತ ಎತ್ತರದ ಜಾಗಕ್ಕೆ ನಗರದ ನೀರು ಕೊಡಬಾರದು ಅಂತ ತೀರ್ಮಾನ ಮಾಡಿದರು. ಬೆಟ್ಟ ಉಳಿಯಿತು, ಅದು ದೊಡ್ಡ ಸಾಧನೆಯೇ. ಆದರೆ ಬರಬರುತ್ತಾ ಬೆಳವಣಿಗೆಗೆ ಬೇರೆ ಮಿತಿಗಳೂ ಸೇರಿಕೊಂಡವು. ಮನೆ ಬೆಲೆ ಗಗನಕ್ಕೇರಿತು, ಅಲ್ಲಿ ದುಡಿಯುವ ಬಹಳ ಜನ ಈಗ ಅಕ್ಕಪಕ್ಕದ ಊರುಗಳಿಂದ ಬಂದು ಹೋಗುತ್ತಾರೆ. ಬೆಳವಣಿಗೆ ನಿಲ್ಲಲಿಲ್ಲ, ಗೆರೆ ದಾಟಿ ಆಚೆ ಹೋಯಿತು ಅಷ್ಟೇ.

ಆರೆಗನ್ ರಾಜ್ಯದ 1973ರ ಕಾನೂನು ಇದರಲ್ಲಿ ಸ್ವಲ್ಪ ಜಾಣತನ ತೋರಿಸಿತು. ಪ್ರತಿ ನಗರಕ್ಕೂ ಒಂದು ಗಡಿ. ಆದರೆ ಗಡಿಯ ಒಳಗೆ ಮುಂದಿನ 20 ವರ್ಷಕ್ಕೆ ಸಾಕಾಗುವ ಜಾಗ ಇರಬೇಕು, ಆಗಾಗ ಲೆಕ್ಕ ಹಾಕಿ ನೋಡಲೂ ಬೇಕು. ಹಾಗಾಗಿ ಹೊಲ ಉಳಿಸಿ ಅಂತ ಕೇಳುವವರು ಅದೇ ಅರ್ಜಿಯಲ್ಲಿ ಹಳೇ ಊರಿನೊಳಗೆ, ಬಸ್ಸು ಓಡುವ ರಸ್ತೆಗಳ ಪಕ್ಕ, ಮೂರು-ನಾಲ್ಕು ಮಹಡಿಗೆ ಅವಕಾಶ ಕೊಡಿ ಅಂತಲೂ ಬರೆಯಬೇಕು. ಅಕ್ಕಪಕ್ಕದವರಿಗೆ ಇದು ಇಷ್ಟವಾಗುವುದಿಲ್ಲ, ಗೊತ್ತು. ಆದರೂ ಬರೆಯಿರಿ, ಬಾಡಿಗೆಗೆ ಮನೆ ಹುಡುಕುವವರ ಪರವಾಗಿ ಇಂಥ ಕಡೆ ಮಾತಾಡುವವರೇ ಕಡಿಮೆ.

ಮಳೆಗಾಲ:
ನನಗೆ ಚಿಂತೆ ಆ ದಾರದಷ್ಟು ಹಸಿರಿನದು. ಕೆರೆ ಸುತ್ತ ಮಾತ್ರ ಪಟ್ಟಿ ಬಿಟ್ಟರೆ ಏನು ಬಂತು, ಕೆರೆಗೆ ನೀರು ತರುವ ತಗ್ಗು ಜಾಗವೇ ಹಳದಿ ಆದರೆ? ಎತ್ತರ ತಗ್ಗಿನ ಗೆರೆಗಳಿರುವ ನಕ್ಷೆ ತಂದು ಇದರ ಮೇಲೆ ಇಟ್ಟು ನೋಡಿ. ಮಳೆ ನೀರು ಹರಿಯುವ ದಾರಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ, ಅದು ಎಷ್ಟು ಸಲ ಹಳದಿ ದಾಟುತ್ತದೆ ಅಂತ ಅಲ್ಲೇ ಕಾಣುತ್ತದೆ. ಮಣ್ಣಿನ ಮೇಲೆ ಬಿದ್ದ ಮಳೆ ಒಂದಿಷ್ಟು ಇಂಗುತ್ತದೆ, ಕಾಂಕ್ರೀಟ್ ಮೇಲೆ ಬಿದ್ದದ್ದು ಜಾಸ್ತಿ ಜೋರಾಗಿ ಕೆಳಗಿನವರ ಮನೆಗೆ ನುಗ್ಗುತ್ತದೆ. ಆ ಪುಟದ ಪ್ರತಿ ಲಗತ್ತಿಸಿ.

ಕೋಪನ್‌ಹೇಗನ್‌ನವರು 1947ರಲ್ಲೇ ಊರನ್ನು ಅಂಗೈ, ಬೆರಳುಗಳ ಹಾಗೆ ಬರೆದರು. ರೈಲು ದಾರಿಗುಂಟ ಮನೆ, ನಡುವಿನ ಸಂದುಗಳಲ್ಲಿ ಹಸಿರು. ಹಸಿರು ಹೀಗೆ ಒಳತನಕ ಬಂದರೆ ನೀರಿಗೂ ದಾರಿ, ಮಕ್ಕಳಿಗೂ ಜಾಗ.

ಕೆರೆದಂಡೆ:
ತುಂಬಾ ಉಪಕಾರ ಆಯ್ತು. ಕಾಮಗಾರಿ ಪಟ್ಟಿ ಹುಡುಕಿದೆ, ಕರಡಿನಲ್ಲಿ ಇಲ್ಲವೇ ಇಲ್ಲ. ಮೊದಲ ಪ್ರಶ್ನೆ ಅದನ್ನೇ ಇಡುತ್ತೇನೆ, ಆಮೇಲೆ ನೀರಿನ ದಾರಿ, ಆಮೇಲೆ ಹಳೇ ಊರಿನ ಮಹಡಿ ವಿಷಯ. ಒಬ್ಬಳೇ ಕೊಡುವುದೋ, ಬೀದಿಯವರೆಲ್ಲ ಸೇರಿ ಸಹಿ ಹಾಕುವುದೋ?

ನೀಲಿಪೆನ್ಸಿಲ್:
ಎರಡೂ ಮಾಡಿ ಮೇಡಂ. ಒಂದೇ ಕಾಗದಕ್ಕೆ ನೂರು ಸಹಿ ಇದ್ದರೆ ಅದನ್ನು ಒಂದೇ ಆಕ್ಷೇಪಣೆ ಅಂತ ಲೆಕ್ಕ ಹಿಡಿಯಬಹುದು. ಅವರವರ ಜಾಗದ ತೊಂದರೆ ಅವರವರೇ ಬರೆದು ಕೊಡಲಿ. ತಲುಪಿದ್ದಕ್ಕೆ ತಾರೀಕು ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ, ಮತ್ತೆ ಕರಡು ತಿದ್ದಿ ಬಂದಾಗ ನಿಮ್ಮ ಪ್ರಶ್ನೆಗೆ ಏನು ಉತ್ತರ ಬರೆದಿದ್ದಾರೆ ಅಂತ ಕೇಳಲು ಅದು ಬೇಕಾಗುತ್ತದೆ.