ಮಸಾಲೆದೋಸೆ ಜೊತೆ ನಾಲ್ಕು ಲಕ್ಷ ಕೋಟಿ

ಹಾಸನದ ಬಿ.ಎಂ. ರಸ್ತೆಯ ಹೋಟೆಲಿನಲ್ಲಿ ಸಂಜೆ ಐದಕ್ಕೆ ಮೂಲೆ ಟೇಬಲ್ ಹಿಡಿಯುವ ನಾಲ್ವರಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಬಿ.ಪಿ. ಖಜಾನೆಯಿಂದ ನಿವೃತ್ತರಾದ ರಾಯರಿಗೆ ಮಾತ್ರ ಬಜೆಟ್ ಕಾಯಿಲೆ. ಅವತ್ತು ರಾಜ್ಯದ 2025-26ರ ಆಯವ್ಯಯದ ಕಡತವನ್ನೇ ಕಂಕುಳಲ್ಲಿ ಇರುಕಿಕೊಂಡು ಬಂದಿದ್ದರು.

“ಒಟ್ಟು ಎಷ್ಟು ರಾಯರೇ?” ಆಲೂಗಡ್ಡೆ ಮಂಡಿಯ ಶೆಟ್ರು ಕೇಳಿದರು.

“4,09,549 ಕೋಟಿ.”

“ಅಬ್ಬಬ್ಬಾ! ಸರ್ಕಾರದ ಹತ್ರ ಅಷ್ಟು ದುಡ್ಡೈತಾ?”

“ಎಲ್ಲಿ ಬಂತು? ಅದು ಖರ್ಚಿನ ಗಾತ್ರ. ರಾಜಸ್ವ ಜಮೆ, ಅಂದ್ರೆ ಸಾಲ ಬಿಟ್ಟು ತೆರಿಗೆ-ಗಿರಿಗೆ ಅಂತ ಬರೋದು 2,92,477 ಕೋಟಿ. ಮಿಕ್ಕಿದ್ದು ಹೆಚ್ಚುಕಮ್ಮಿ ಪೂರ್ತಿ ಸಾಲ, 1,16,000 ಕೋಟಿ. ಸಾಲ ಸೇರಿಸಿ ಗಾತ್ರ ಹೇಳೋದು ಅಂದ್ರೆ, ಕೈಬದಲು ತಂದ ಸರ ಹಾಕ್ಕೊಂಡು ಮದುವೆ ಫೋಟೊಗೆ ನಿಂತಹಾಗೆ.”

“ಅದಕ್ಕೇ ನಾನು ಹೇಳೋದು,” ಎಂದರು ಎಕನಾಮಿಕ್ಸ್ ಮೇಷ್ಟ್ರು, “ಬಜೆಟ್ಟನ್ನ ಸಾಲದ ಕಡೆಯಿಂದ ಓದಬೇಕು. ಭಾಷಣ ಲಗ್ನಪತ್ರಿಕೆ ಇದ್ದಹಾಗೆ, ಖರ್ಚಿನ ಚೀಟಿ ಬೇರೆ ಕಡೆ ಇರುತ್ತೆ. ಮಧ್ಯಮಾವಧಿ ವಿತ್ತೀಯ ಯೋಜನೆ ಅಂತ ಒಂದು ಪುಸ್ತಕ ಬರುತ್ತಲ್ಲ, ಮೊದಲು ಅದನ್ನ ತೆಗೀರಿ. ಈಗ ಆ 1,16,000 ಕೋಟಿ ಸಾಲ ಎಲ್ಲಿಗೆ ಹೋಯ್ತು ನೋಡಿ. 26,474 ಕೋಟಿ ಹಳೇ ಸಾಲದ ಅಸಲು ತೀರಿಸೋಕೆ. 71,336 ಕೋಟಿ ಬಂಡವಾಳ ವೆಚ್ಚ, ಅಂದ್ರೆ ರಸ್ತೆ, ನಾಲೆ, ಕಟ್ಟಡ. ಎರಡೂ ಕಳೆದ್ರೆ?”

ಶೆಟ್ರು ಬಿಲ್ಲಿನ ಹಿಂಬದಿಯಲ್ಲಿ ಗೀಚಿದರು. ಮಂಡಿ ಲೆಕ್ಕ, ತಪ್ಪುವ ಮಾತೇ ಇಲ್ಲ. “18,190.”

“ಅದು ದಿನಖರ್ಚಿಗೆ ಮಾಡಿದ ಸಾಲ. ಅಂಗಡಿ ಕಟ್ಟೋಕೆ ಸಾಲ ಮಾಡೋದು ಬೇರೆ, ಅಂಗಡಿ ಹುಡುಗರ ಸಂಬಳಕ್ಕೆ ಸಾಲ ಮಾಡೋದು ಬೇರೆ. ಬಜೆಟ್ ಭಾಷೇಲಿ ಇದಕ್ಕೆ ರಾಜಸ್ವ ಕೊರತೆ ಅಂತಾರೆ. ಈ ಸಾಲದಲ್ಲೂ ತುಂಬದ ಸಾವಿರ ಚಿಲ್ಲರೆ ಕೋಟಿ ಸೇರಿ, ಪುಸ್ತಕದ ಲೆಕ್ಕದಲ್ಲಿ ಅದು 19,262 ಕೋಟಿ.”

ಇಷ್ಟು ಹೊತ್ತು ಚಟ್ನಿಯಲ್ಲಿ ಮುಳುಗಿದ್ದ ಕಂಟ್ರಾಕ್ಟರ್ ಗೌಡ್ರು ತಲೆ ಎತ್ತಿದರು. “ಎಲ್ಲಾ ಗ್ಯಾರಂಟಿಯಿಂದ ಕಣ್ರೀ. ನಿಲ್ಸಿದ್ರೆ ಮುಗೀತು.”

“ಐದು ಗ್ಯಾರಂಟಿಗೂ ಸೇರಿ 51,034 ಕೋಟಿ ಇಟ್ಟವ್ರೆ, ನಿಜ,” ಎಂದರು ರಾಯರು. “ಅದರಲ್ಲಿ ಗೃಹಲಕ್ಷ್ಮಿಗೇ 28,608. ತಿಂಗಳಿಗೆ ಎರಡು ಸಾವಿರದಂತೆ ವರ್ಷಕ್ಕೆ 24,000. ಭಾಗಿಸಿ ಶೆಟ್ರೇ.”

“ಒಂದು ಕೋಟಿ ಹತ್ತೊಂಬತ್ತು ಲಕ್ಷ ಇಪ್ಪತ್ತು ಸಾವಿರ ಜನ.”

“ಹೀಗೆ ಭಾಗಿಸಿ ನೋಡೋ ಚಾಳಿ ಒಳ್ಳೇದು. ಫಲಾನುಭವಿಗಳು ಅದಕ್ಕಿಂತ ಜಾಸ್ತಿ ಇದ್ರೆ, ಇಟ್ಟ ದುಡ್ಡು ಹನ್ನೆರಡು ಕಂತಿಗೆ ಸಾಲಲ್ಲ ಅಂತ ಮಾರ್ಚಿಗೇ ಗೊತ್ತಾಗುತ್ತೆ. ಆಮೇಲೆ ಒಂದೋ ಇನ್ನಷ್ಟು ದುಡ್ಡು ಕೇಳಿ ಪೂರಕ ಅಂದಾಜು ತರಬೇಕು, ಇಲ್ಲಾ ಕಂತು ಮುಂದಕ್ಕೆ ಹಾಕಬೇಕು.”

ಮೇಷ್ಟ್ರು ಬಿಡಲಿಲ್ಲ. “ಗೌಡ್ರೇ, ರಾಜಸ್ವ ವೆಚ್ಚ, ಅಂದ್ರೆ ಈ ದಿನಖರ್ಚು, ಅಂದ ತಕ್ಷಣ ಎಲ್ಲಾ ತಿಂದು ತೇಗಿದ್ದು ಅಂದ್ಕೋಬೇಡಿ. ಪಂಚಾಯ್ತಿಗೆ ಅನುದಾನ ಕೊಟ್ಟು, ಅವರು ಚರಂಡಿ ಕಟ್ಟಿದ್ರೂ ಸರ್ಕಾರದ ಲೆಕ್ಕದಲ್ಲಿ ಅದು ರಾಜಸ್ವ ವೆಚ್ಚವೇ. ಒಂದೊಂದು ಬಾಬ್ತಿಗೂ ನಾಲ್ಕಂಕಿಯ ಲೆಕ್ಕ ಶೀರ್ಷಿಕೆ ಇರುತ್ತೆ, ಅದರ ಮೊದಲ ಅಂಕಿ ನೋಡಿ. 0 ಅಥವಾ 1 ಇದ್ರೆ ಜಮೆ, 2 ಅಥವಾ 3 ಇದ್ರೆ ರಾಜಸ್ವ ವೆಚ್ಚ, 4 ಅಥವಾ 5 ಇದ್ರೆ ಬಂಡವಾಳ ವೆಚ್ಚ. ಗುಂಡಿ ಮುಚ್ಚೋದು 3054, ಹೊಸ ರಸ್ತೆ 5054. ರಸ್ತೆ ಅದೇ, ಡಾಂಬರು ಅದೇ, ಲೆಕ್ಕದ ಮನೆ ಮಾತ್ರ ಬೇರೆ.”

“ಅದಕ್ಕೇನಾ ಗುಂಡಿ ಮುಚ್ಚಲ್ಲ, ಹೊಸ ರಸ್ತೇನೇ ಮಾಡ್ತಾರೆ?”

“ಗುಂಡಿ ಮುಚ್ಚಿದ್ದಕ್ಕೆ ಯಾರೂ ಟೇಪು ಕತ್ತರಿಸಲ್ಲ ಗೌಡ್ರೇ.”

ಮಾತು ಆದಾಯಕ್ಕೆ ಹೊರಳಿತು. ರಾಜ್ಯದ ಸ್ವಂತ ತೆರಿಗೆ ಅಂದಾಜು 2,08,100 ಕೋಟಿ. ವಾಣಿಜ್ಯ ತೆರಿಗೆ 1,20,000, ಅಬಕಾರಿ 40,000, ನೋಂದಣಿ-ಮುದ್ರಾಂಕ 28,000, ಮೋಟಾರು ವಾಹನ 15,000. ಅಬಕಾರಿ ಅಂದ ಕೂಡಲೇ ಗೌಡ್ರ ಮುಖ ಅರಳಿತು. ಐದು ರೂಪಾಯಿ ಸ್ವಂತ ತೆರಿಗೆಯಲ್ಲಿ ಹೆಚ್ಚುಕಮ್ಮಿ ಒಂದು ರೂಪಾಯಿ, ದಿನಕ್ಕೆ ಸುಮಾರು 110 ಕೋಟಿ, ತಮ್ಮಂಥ ತ್ಯಾಗಜೀವಿಗಳ ಗಂಟಲಿಂದ ಇಳಿದದ್ದು ಎಂದು ಅವರ ವಾದ. ಅದರ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ.

“ಮದ್ಯ, ಪೆಟ್ರೋಲು, ಡೀಸೆಲ್ಲು ಜಿಎಸ್‌ಟಿಯಿಂದ ಹೊರಗೆ. ರಾಜ್ಯಕ್ಕೆ ದುಡ್ಡು ಕಮ್ಮಿ ಬಿದ್ರೆ ತಾನೇ ತಿರುಗಿಸಬಹುದಾದ ನಲ್ಲಿ ಅಂದ್ರೆ ಇವೇ ನಾಲ್ಕಾರು,” ಎಂದರು ಮೇಷ್ಟ್ರು. “ದಿಲ್ಲಿಯಿಂದ ಬರೋ ತೆರಿಗೆ ಪಾಲು ನಮ್ಮ ಕೈಲಿಲ್ಲ. ಹದಿನಾಲ್ಕನೇ ಹಣಕಾಸು ಆಯೋಗ ಹಂಚಿಕೆಯಲ್ಲಿ ನಮಗೆ 4.713 ಪರ್ಸೆಂಟ್ ಇಟ್ಟಿತ್ತು, ಹದಿನೈದನೇದು 3.647ಕ್ಕೆ ಇಳಿಸ್ತು. ಈ ಪುಸ್ತಕದಲ್ಲಿ ಆ ಬಾಬ್ತು 51,877 ಕೋಟಿ.”

“ಅಂದಾಜು, ಅಂದಾಜು ಅಂತೀರಲ್ಲ, ಅಷ್ಟು ಬರುತ್ತಾ?”

“ಒಳ್ಳೇ ಪ್ರಶ್ನೆ ಶೆಟ್ರೇ.” ರಾಯರು ಸಾಂಬಾರಿನ ಬಟ್ಟಲು ಸರಿಸಿ ಪುಟ ಬಿಚ್ಚಿದರು. “ನಾಲ್ಕು ಕಾಲಂ ಇರುತ್ತೆ. 2023-24ರ ಲೆಕ್ಕ, 2024-25ರ ಅಂದಾಜು, ಅದರದ್ದೇ ಪರಿಷ್ಕೃತ ಅಂದಾಜು, ಆಮೇಲೆ ಈ ಸಾಲಿನದು. ‘ಇಲಾಖೆಗೆ ದುಡ್ಡು ಜಾಸ್ತಿ ಮಾಡಿದೀವಿ’ ಅಂದ್ರೆ ಯಾವ ಕಾಲಂಗಿಂತ ಅಂತ ಕೇಳಿ. ಅಂದಾಜು ನೂರು, ಪರಿಷ್ಕೃತದಲ್ಲಿ ಎಪ್ಪತ್ತಕ್ಕೆ ಇಳಿದಿರುತ್ತೆ. ಈ ಸಲ ತೊಂಬತ್ತು ಕೊಟ್ರೆ ಎಪ್ಪತ್ತಕ್ಕಿಂತ ಏರಿಕೆ, ನೂರಕ್ಕಿಂತ ಇಳಿಕೆ. ಪಕ್ಷಗಳು ತಮಗೆ ಬೇಕಾದ್ದನ್ನ ಆರಿಸ್ಕೋತವೆ. ನಿಜ ಗೊತ್ತಾಗೋದು ಮೊದಲನೇ ಕಾಲಂನಲ್ಲಿ, ಅದೂ ಎರಡು ವರ್ಷ ತಡವಾಗಿ.”

“ಎತ್ತಿನಹೊಳೆ ನೀರಿನ ಯೋಜನೆ ಹಂಗೇ ಅಲ್ವಾ? ನಮ್ಮ ಸಕಲೇಶಪುರದ್ದೇ,” ಎಂದರು ಗೌಡ್ರು.

“ಅದು ಕಾಲಂ ಹಾರಿದ ಕಥೆ. 2012ರಲ್ಲಿ 8,323.50 ಕೋಟಿ, 2014ರಲ್ಲಿ 12,912.36, ಆಮೇಲೆ 23,251.66. ನೀರು ಮಾತ್ರ ಅದೇ 24.01 ಟಿಎಂಸಿ.”

“ಕಾಮಗಾರಿ ನಿಧಾನ ಆದಷ್ಟೂ ದರಪಟ್ಟಿ ಏರುತ್ತೆ, ಭೂಸ್ವಾಧೀನ ಏರುತ್ತೆ,” ಗೌಡ್ರು ಅನುಭವಸ್ಥರ ಗತ್ತಿನಲ್ಲಿ ದೋಸೆಯ ತುದಿ ಮುರಿದರು. “ನಿಧಾನ ಯಾಕೆ ಅಂದ್ರೆ, ಒಂದೇ ಕೆಲಸಕ್ಕೆ ಬೇಕಾದ ದುಡ್ಡನ್ನ ಹತ್ತು ಹೊಸ ಕೆಲಸಕ್ಕೆ ಟೋಕನ್ ಥರ ಹಂಚ್ತಾರೆ. ಗುದ್ದಲಿ ಪೂಜೆ ಹತ್ತಾಗುತ್ತೆ, ಸೇತುವೆ ಒಂದೂ ಆಗಲ್ಲ.”

“ಇಷ್ಟಾದ್ರೂ ಮಿತಿ ಒಳಗೇ ಇದೀವಿ,” ಎಂದರು ರಾಯರು. “ವಿತ್ತೀಯ ಹೊಣೆಗಾರಿಕೆ ಕಾನೂನು 2002ರದ್ದು. ವಿತ್ತೀಯ ಕೊರತೆ, ಅಂದ್ರೆ ಸಾಲ ಬಿಟ್ಟ ಆದಾಯಕ್ಕಿಂತ ಜಾಸ್ತಿಯಾದ ಖರ್ಚು, ಜಿಎಸ್‌ಡಿಪಿಯ, ಅಂದ್ರೆ ರಾಜ್ಯದ ಒಟ್ಟು ಉತ್ಪನ್ನದ, ಮೂರು ಪರ್ಸೆಂಟ್ ದಾಟಬಾರದು, ಇದು 2.95. ಒಟ್ಟು ಹೊಣೆ, ಅಂದ್ರೆ ತೀರಿಸಬೇಕಾದ ಸಾಲವೆಲ್ಲ ಸೇರಿ, ಇಪ್ಪತ್ತೈದು ದಾಟಬಾರದು, ಇದು 24.91. ಒಟ್ಟು 7,64,655 ಕೋಟಿ.”

“ಡಾಕ್ಟ್ರು ಹೇಳಿದ ಸಕ್ಕರೆ ಮಟ್ಟಕ್ಕೆ ಸರಿಯಾಗಿ ರಿಪೋರ್ಟ್ ಬಂದಹಾಗೈತೆ,” ಶೆಟ್ರು ಗೊಣಗಿದರು. “ಹಿಂದಿನ ದಿನ ಉಪವಾಸ ಮಾಡಿರ್ತಾರೆ.”

“ಆ ಪರ್ಸೆಂಟಿನ ಕೆಳಗಿರೋ ಜಿಎಸ್‌ಡಿಪಿಯೂ ಅಂದಾಜೇ. ಅದು ದಪ್ಪ ಆದ್ರೆ ಸಾಲ ಸಣ್ಣ ಕಾಣುತ್ತೆ. ಇಪ್ಪತ್ತೈದಕ್ಕೂ 24.91ಕ್ಕೂ ನಡುವೆ ಇರೋದು ಸುಮಾರು 2,800 ಕೋಟಿ, ಅಷ್ಟೇ,” ಎಂದರು ಮೇಷ್ಟ್ರು.

ಗೌಡ್ರು ಕೈ ತೊಳೆಯಲು ಎದ್ದವರು ಅರ್ಧ ದಾರಿಯಲ್ಲಿ ನಿಂತರು. “ತಡೀರಿ. ಕೆಲಸ ಮುಗಿದು, ಅಳತೆ ಪುಸ್ತಕ ಬರೆದು, ಬಿಲ್ಲು ಪಾಸಾಗದೆ ಕೂತಿರುತ್ತಲ್ಲ, ಕಂಟ್ರಾಕ್ಟರುಗಳ ಬಾಕಿ. ಅದು ಈ ಏಳು ಲಕ್ಷ ಚಿಲ್ಲರೆ ಕೋಟಿಯೊಳಗೆ ಯಾವ ಕಾಲಂನಲ್ಲಿ ಐತೆ?”

ರಾಯರು ಕಡತ ಮುಚ್ಚಿದರು. “ಸರ್ಕಾರದ್ದು ನಗದು ಲೆಕ್ಕ ಗೌಡ್ರೇ. ದುಡ್ಡು ಖಜಾನೆಯಿಂದ ಹೊರಟ ದಿನ ಖರ್ಚು. ಕೊಡದೇ ಇರೋದು ಸಾಲವೂ ಅಲ್ಲ, ಖರ್ಚೂ ಅಲ್ಲ. ಯಾವ ಕಾಲಂನಲ್ಲೂ ಇಲ್ಲ.”

“ಮತ್ತೆ ಎಲ್ಲೈತೆ?”

“ನಿಮ್ಮ ಮನೇಲಿ. ಬಡ್ಡಿ ಸಮೇತ.”