ಪದಚರ್ಚೆ: ‘ಟ್ಯಾಕ್ಸ್‌ಪೇಯರ್ ಫಂಡಿಂಗ್’, ‘ಅರೀನಾ’ – ಇವತ್ತು ರಾತ್ರಿಯೊಳಗೆ ಪದ ಬೇಕು

ಸಿಯಾಟಲ್ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಒಂದು ವೆಬ್ ಪತ್ರಿಕೆಗೆ ಲೇಖನ ಅನುವಾದಿಸುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ‘ಟ್ಯಾಕ್ಸ್‌ಪೇಯರ್ ಫಂಡಿಂಗ್’ (ಜನರ ತೆರಿಗೆ ದುಡ್ಡು ಹಾಕುವುದು), ‘ಅರೀನಾ’ (ಸೂರಿರುವ ಆಟದ ಅಂಗಣ) ಇವೆರಡಕ್ಕೂ ಒಳ್ಳೆಯ ಕನ್ನಡ ಪದ ಬೇಕು.

ವಿಷಯ ಇಷ್ಟು. ಆಟದ ಅರೀನಾಕ್ಕೆ ನಗರ ದುಡ್ಡು ಹಾಕಿದರೆ ಅದಕ್ಕೆ ಸರ್ಕಾರಿ ಬಾಂಡಿನಷ್ಟಾದರೂ ಆದಾಯ ಬರಬೇಕು ಎಂಬ ನಿಯಮವನ್ನು 2006ರಲ್ಲಿ ಸಿಯಾಟಲ್ ಮತದಾರರು ಓಟು ಹಾಕಿ ತಂದರು. ನೂರಕ್ಕೆ 74 ಓಟು ಅದರ ಪರ. 2008ರಲ್ಲಿ ಇಲ್ಲಿನ ಸೂಪರ್‌ಸಾನಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಒಕ್ಲಹೋಮ ಸಿಟಿಗೆ ಹೊರಟುಹೋಯಿತು. ಅಲ್ಲಿ ಅದರ ಹೆಸರು ಥಂಡರ್. ಅದೇ ತಂಡಕ್ಕಾಗಿ ಕನಿಷ್ಠ 90 ಕೋಟಿ ಡಾಲರ್‌ನ ಹೊಸ ಅರೀನಾ ಕಟ್ಟಲು ಆ ಊರಿನವರು 2023ರ ಡಿಸೆಂಬರ್ 12ರಂದು ಒಪ್ಪಿದರು. ಅಲ್ಲಿ ನೂರಕ್ಕೆ 71 ಓಟು ಹೌದು. ಅದರ ಖರ್ಚಿಗೆ ಆರು ವರ್ಷ ಒಂದು ಪರ್ಸೆಂಟ್ ಮಾರಾಟ ತೆರಿಗೆ. ತಂಡದ ಮಾಲೀಕರ ಪಾಲು 5 ಕೋಟಿ ಡಾಲರ್.

ನಾನು ಬರೆದುಕೊಂಡಿರುವುದು: ‘ವೃತ್ತಿಪರ ಕ್ರೀಡಾ ಒಳಾಂಗಣ ಕ್ರೀಡಾಂಗಣಕ್ಕೆ ತೆರಿಗೆದಾರರ ಧನಸಹಾಯ: ಜನಾಭಿಪ್ರಾಯ’. ಓದಿದರೆ ನನಗೇ ನಗು ಬರುತ್ತದೆ. ದಯವಿಟ್ಟು ಸಹಾಯ ಮಾಡಿ.

ಹಳೆಮೈಸೂರು:
ಏನಮ್ಮಾ, ಒಂದೇ ಸಾಲಿನಲ್ಲಿ ಎರಡು ಅಂಗಣ, ಎರಡು ಕ್ರೀಡೆ! ‘ಅಖಾಡ’ ಅನ್ನಿ, ಮುಗಿಯಿತು. ಅರೀನಾ ಎಂದರೆ ಲ್ಯಾಟಿನ್‌ನಲ್ಲಿ ಮರಳು. ಕಾದಾಟದ ನೆಲಕ್ಕೆ ಹಾಸುತ್ತಿದ್ದ ಮರಳು. ನಮ್ಮ ಗರಡಿಮನೆಯ ಮಟ್ಟಿಯೂ ಮಣ್ಣೇ. ಇಷ್ಟು ಚೆನ್ನಾಗಿ ಹೊಂದುವ ಪದ ಇನ್ನೊಂದು ಸಿಗುವುದಿಲ್ಲ.

ಅಚ್ಚಗನ್ನಡಿಗ:
ಅಖಾಡ ಕನ್ನಡವಲ್ಲ. ಸಂಸ್ಕೃತದ ಅಕ್ಷವಾಟ ಉತ್ತರದ ಕಡೆ ಸವೆದು ಇಲ್ಲಿಗೆ ಬಂದದ್ದು. ‘ಕಣ’ ಇರುವಾಗ ಅದು ಯಾಕೆ? ಇನ್ನು ‘ತೆರಿಗೆದಾರ’ ಅಂತೂ ಕಲಬೆರಕೆ. ‘ತೆರು’ ನಮ್ಮದೇ ಬೇರು, ಹಳಗನ್ನಡದಲ್ಲಿ ಶಕಟರೇಫ (ಈಗ ಬಿಟ್ಟುಹೋಗಿರುವ ‘ಱ’ ಅಕ್ಷರ) ಇದ್ದದ್ದು. ಅದರ ಬಾಲಕ್ಕೆ ಪಾರ್ಸಿ ‘ದಾರ’ ಕಟ್ಟಿದವರು ಯಾರೋ. ‘ತೆರಿಗರು’ ಸಾಕು.

ಕಲಬುರಗಿ:
ತೆರಿಗರು ಅಂದ್ರೆ ಜನ ತೇರು ಎಳೆಯುವವರು ಅಂದುಕೊಳ್ತಾರೆ. ಪಾಲುದಾರ, ಗುತ್ತಿಗೆದಾರ ಹುಟ್ಟಿದ್ದೂ ಹೀಗೇ. ಅವನ್ನೂ ತೆಗೆದುಹಾಕ್ತೀರಾ?

ಅಚ್ಚಗನ್ನಡಿಗ:
ಹೌದು.

ಲೆಕ್ಕಿಗ:
ಬೇರು, ಬಾಲ ಆಮೇಲೆ ನೋಡೋಣ. ಮೇಡಂ ಅವರ ತೊಂದರೆ ಬೇರೆ ಇದೆ. ನಮ್ಮ ಪತ್ರಿಕೆಗಳಲ್ಲಿ ತೆರಿಗೆದಾರ ಎಂದರೆ ಹೆಚ್ಚಾಗಿ ಆದಾಯ ತೆರಿಗೆ ಕಟ್ಟುವವರು. ಒಕ್ಲಹೋಮ ಸಿಟಿಯಲ್ಲಿ ಹಣ ಬರುವುದು ಮಾರಾಟ ತೆರಿಗೆಯಿಂದ. ಸೋಪು ಕೊಂಡವರೆಲ್ಲ ಕಟ್ಟುತ್ತಾರೆ. ಓಟಿಲ್ಲದ ಹುಡುಗನೂ ಕಟ್ಟುತ್ತಾನೆ, ಪಕ್ಕದ ಊರಿನಿಂದ ಬಂದವನೂ ಕಟ್ಟುತ್ತಾನೆ. ಕಡಿಮೆ ಸಂಬಳದವರಿಗೆ ಇದು ಜಾಸ್ತಿ ತಾಗುತ್ತದೆ, ಅವರ ದುಡಿಮೆಯೆಲ್ಲ ಖರ್ಚಿಗೇ ಹೋಗುತ್ತದಲ್ಲ. ಆದ್ದರಿಂದ ‘ತೆರಿಗೆದಾರರ’ ಅನ್ನುವ ಪದವನ್ನೇ ಬಿಡಿ. ‘ಮಾರಾಟ ತೆರಿಗೆ ಹಣ’ ಎಂದು ನೇರವಾಗಿ ಬರೆಯಿರಿ.

‘ಧನಸಹಾಯ’ ಬೇಡವೇ ಬೇಡ. ಅದು ನಾವು ರೈತರಿಗೆ, ವಿದ್ಯಾರ್ಥಿಗಳಿಗೆ ಬಳಸುವ ಪದ. ಶತಕೋಟಿ ಡಾಲರ್ ಬೆಲೆಯ ತಂಡಕ್ಕೆ ಧನಸಹಾಯ ಅಂದರೆ ಅಣಕಿಸಿದ ಹಾಗೆ. ಹೊಸ ಕಟ್ಟಡ ನಗರದ್ದೇ ಆಗಿರುವುದರಿಂದ ‘ಅನುದಾನ’ವೂ ಹೊಂದುವುದಿಲ್ಲ. ‘ಹೂಡಿಕೆ’ ಅಂದಿರೋ, ನೀವು ಪರ ಪ್ರಚಾರಕ್ಕೆ ಇಳಿದಿರಿ. ಇಂಥ ಕಟ್ಟಡಗಳಿಂದ ಊರಿಗೆ ಹಾಕಿದಷ್ಟು ವಾಪಸ್ ಬರುವುದಿಲ್ಲ ಅನ್ನುವ ಅರ್ಥಶಾಸ್ತ್ರಜ್ಞರೇ ಹೆಚ್ಚು. ಆಟಕ್ಕೆ ಖರ್ಚಾಗುವ ದುಡ್ಡು ಇಲ್ಲದಿದ್ದರೆ ಅದೇ ಊರಿನ ಸಿನಿಮಾಕ್ಕೋ ಹೋಟೆಲಿಗೋ ಹೋಗುತ್ತಿತ್ತು ಅನ್ನುವುದು ಅವರ ವಾದ.

ಸಿಯಾಟಲ್ ಕನ್ನಡತಿ:
ಇದು ನನಗೆ ಹೊಳೆದಿರಲೇ ಇಲ್ಲ, ತುಂಬಾ ಥ್ಯಾಂಕ್ಸ್. ಹಾಗಿದ್ದರೆ ‘ಹೊಸ ತೆರಿಗೆ’ ಅನ್ನಬಹುದಾ? ಅಲ್ಲಿ ಈಗಾಗಲೇ ‘ಮ್ಯಾಪ್ಸ್’ ಎಂಬ ಒಂದು ಪರ್ಸೆಂಟ್ ತೆರಿಗೆ ಇದೆ. 1993ರಿಂದ ಜನ ಓಟು ಹಾಕಿ ಒಪ್ಪುತ್ತಾ ಬಂದ ಯೋಜನೆಗಳ ಸಾಲು ಅದು. 2002ರಲ್ಲಿ ತೆರೆದ ಈಗಿನ ಅರೀನಾ ಕಟ್ಟಿದ್ದೂ ಅದೇ ದುಡ್ಡಿನಲ್ಲಿ. ಈಗಿನ ಮ್ಯಾಪ್ಸ್ ತೆರಿಗೆ ಮುಗಿದ ಮೇಲೆ ಹೊಸ ಅರೀನಾದ ತೆರಿಗೆ ಶುರು. ಹಾಗಾಗಿ ‘ದರ ಏರುವುದಿಲ್ಲ’ ಅಂತ ಪರ ಇದ್ದವರು ಹೇಳಿದರು.

ಲೆಕ್ಕಿಗ:
ದರ ಏರದಿದ್ದರೂ, ಜನ ಬೇಡವೆಂದು ಓಟು ಹಾಕಿದ್ದರೆ ಇಳಿಯುತ್ತಿತ್ತಲ್ವಾ? ‘ಹಳೆ ದರದಲ್ಲೇ ಇನ್ನೂ ಆರು ವರ್ಷ’ ಅನ್ನಿ. ‘ಜನಾಭಿಪ್ರಾಯ’ವನ್ನೂ ನೋಡಿಕೊಳ್ಳಿ. ಅದು ಸಮೀಕ್ಷೆಗೆ ಸರಿ. ಇಲ್ಲಿ ಓಟೇ ಬಿದ್ದಿದೆ, ‘ಜನಮತ’ ಸಾಕು.

ಹಳೆಮೈಸೂರು:
‘ವೃತ್ತಿಪರ’ ಬಗ್ಗೆ ಯಾರೂ ಮಾತಾಡಲಿಲ್ಲ. ಈಗ ಆ ಪದಕ್ಕೆ ‘ಅಚ್ಚುಕಟ್ಟಾದ’ ಎಂಬ ಅರ್ಥ ಬಂದುಬಿಟ್ಟಿದೆ. ಗುಬ್ಬಿ ಕಂಪನಿಯನ್ನು ನಾವು ವೃತ್ತಿಪರ ರಂಗಭೂಮಿ ಅಂದೆವಾ? ವೃತ್ತಿ ರಂಗಭೂಮಿ ಅಂದೆವು. ಟಿಕೆಟ್ ಮಾರಿ, ಸಂಬಳ ಕೊಟ್ಟು ಆಡಿಸುವುದು ವೃತ್ತಿ. ಹಾಗೇ ‘ವೃತ್ತಿ ತಂಡ’. ಅಖಾಡ ಮಾತ್ರ ಬಿಡಬೇಡಿ.

ಕಲಬುರಗಿ:
ವೃತ್ತಿ ತಂಡ ಭೇಷ್. ಅಖಾಡ ಒಪ್ಪಲ್ಲ. ಸಿಯಾಟಲ್‌ನ ಹಳೆ ಅರೀನಾವನ್ನು ಖಾಸಗಿ ದುಡ್ಡಿನಲ್ಲೇ ಮತ್ತೆ ಕಟ್ಟಿ 2021ರಲ್ಲಿ ತೆರೆದರು. ಅಲ್ಲಿ ‘ಐಸ್ ಹಾಕಿ’ ಆಟ ಆಡ್ತಾರೆ. ಮರಳೂ ಇಲ್ಲ, ಮಟ್ಟಿನೂ ಇಲ್ಲ, ಬರೀ ಮಂಜುಗಡ್ಡೆ. ಕಣದಲ್ಲಂತೂ ಜೋಳ ರಾಶಿ ಮಾಡ್ತಾರೆ. ಸುಮ್ನೆ ಅರೀನಾ ಅನ್ರೀ. ಸ್ಟೇಡಿಯಂ ಅಂತೀವಿ, ಇದಕ್ಕೇನು ರೋಗ?

ಅಚ್ಚಗನ್ನಡಿಗ:
ಹೀಗೆ ಒಂದೊಂದೇ ‘ಅನ್ರೀ’ ಅಂತಲೇ ನಾಡಿನ ನುಡಿ ಈ ಗತಿಗೆ ಬಂದದ್ದು. ಬೊಕ್ಕಸ ಇದ್ದರೂ ಖಜಾನೆ. ಇಂಗ್ಲಿಷರಿಗಿಂತ ಮುಂಚೆಯೇ ನಿಮ್ಮ ಕಡೆಯವರು ಬಾಗಿಲು ತೆರೆದಿಟ್ಟಿದ್ದರು.

ಕಲಬುರಗಿ:
‘ನಿಮ್ಮ ಕಡೆ’ ಅಂದ್ರೆ ಯಾವ ಕಡೆ? ವಸೂಲಿ, ಜಮಾ, ರಸೀದಿ ಇವೆಲ್ಲ ಮೈಸೂರಿನಲ್ಲೂ ಇಲ್ವಾ? ನೀವು ಮನೆ ಕಂದಾಯ ಕಟ್ಟಿ ರಸೀದಿ ತಗೊಳ್ಳದೆ ಬರ್ತೀರಾ?

ಅಚ್ಚಗನ್ನಡಿಗ:
ಚೀಟಿ ತಗೊಂಡು ಬರುತ್ತೇನೆ.

ಲೆಕ್ಕಿಗ:
ಕೌಂಟರಿನಲ್ಲಿ ಚೀಟಿ ಕೇಳಿ ನೋಡಿ, ಟೋಕನ್ ಕೊಡುತ್ತಾರೆ.

ಸಿಯಾಟಲ್ ಕನ್ನಡತಿ:
ಲೇಖನ ಕಳಿಸಿದೆ. ತಲೆಬರಹ: ‘ವೃತ್ತಿ ತಂಡದ ಅರೀನಾಕ್ಕೆ ಮಾರಾಟ ತೆರಿಗೆ ಹಣ: ಎರಡು ಊರು, ಎರಡು ಜನಮತ’. ತೆರಿಗೆದಾರರನ್ನು ಪೂರ್ತಿ ಕೈಬಿಟ್ಟಿದ್ದೇನೆ. ಒಳಗೆ ಒಂದು ಕಡೆ ‘ಅಖಾಡ’ ಬಂದಿದೆ, ಹಳೆಮೈಸೂರು ಅವರಿಗಾಗಿ.

ಹಳೆಮೈಸೂರು:
ಒಂದೇ ಕಡೆಯಾ?

ಅಚ್ಚಗನ್ನಡಿಗ:
‘ಅರೀನಾ’ ಯಾಕೆ? ಲ್ಯಾಟಿನ್‌ನಲ್ಲಿ ಏ ಕಾರ. ಎರವಲು ತರುವುದಾದರೆ ‘ಅರೇನಾ’ ಅಂತಲಾದರೂ ಸರಿಯಾಗಿ ತನ್ನಿ.