ಪದಚರ್ಚೆ: 'ಎರಡೂವರೆ ಪಂದ್ಯ ಹಿಂದೆ' ಎಂದರೆ ನಿಮಗೆ ಏನು ಹೊಳೆಯುತ್ತದೆ?

ಎಲ್ಲರಿಗೂ ನಮಸ್ಕಾರ.

ನಮ್ಮ ಗೆಳೆಯರ ನಡುವೆ ಒಂದು ಸಣ್ಣ ಜಗಳ ನಡೆದಿದೆ. ನೀವು ಪಂಚಾಯಿತಿ ಮಾಡಿಕೊಡಬೇಕು. ನೋಡುವುದಕ್ಕೆ ಬೇಸ್‌ಬಾಲ್ ಜಗಳದ ಹಾಗಿದೆ. ಒಳಗೆ ಹೊಕ್ಕರೆ 'ಹಿಂದೆ' ಎಂಬ ಪದದ ಜಗಳ.

ನಾವು ಹತ್ತು ಜನ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸುತ್ತಮುತ್ತ ಇದ್ದೇವೆ. ಹುಬ್ಬಳ್ಳಿ, ಮೈಸೂರು, ಪುತ್ತೂರು, ಸಕಲೇಶಪುರ, ಹೀಗೆ ಬೇರೆ ಬೇರೆ ಕಡೆಯವರು. 2016ರಿಂದ ಒಂದು ಫ್ಯಾಂಟಸಿ ಬೇಸ್‌ಬಾಲ್ ಲೀಗ್ ನಡೆಸುತ್ತಿದ್ದೇವೆ. ದುಡ್ಡಿನ ವ್ಯವಹಾರ ಇಲ್ಲ. ವರ್ಷದ ಕೊನೆಗೆ ತಳದಲ್ಲಿ ಉಳಿದವನು ಮಿಕ್ಕವರಿಗೆಲ್ಲ ಬಿಸಿಬೇಳೆ ಬಾತ್ ಮಾಡಿ ಬಡಿಸಬೇಕು, ಅಷ್ಟೇ. ಪ್ರತಿ ಸೋಮವಾರ ಯಾರು ಎಲ್ಲಿದ್ದಾರೆ ಎಂದು ಕನ್ನಡದಲ್ಲಿ ಒಂದು ವರದಿ ಹೋಗುತ್ತದೆ. ಬರೆಯುವವನು ನಾನು. ಹಾಗಾಗಿ ಬೈಸಿಕೊಳ್ಳುವವನೂ ನಾನೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಐಪಿಎಲ್ ಸಮಯದಲ್ಲಿ ಫೋನಿನಲ್ಲಿ 'ಟೀಮ್ ಕಟ್ಟುತ್ತಾರಲ್ಲ', ಇದೂ ಅದೇ ಜಾತಿ. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟುವುದು, ಅವರು ಮೈದಾನದಲ್ಲಿ ಮಾಡಿದ್ದು ನಮ್ಮ ಲೆಕ್ಕಕ್ಕೆ ಬರುವುದು. ಈಗಿನ ರೂಪದ ಫ್ಯಾಂಟಸಿ ಬೇಸ್‌ಬಾಲ್ ಶುರುವಾದದ್ದು 1980ರಲ್ಲಿ, ನ್ಯೂಯಾರ್ಕ್‌ನಲ್ಲಿ. ಡೇನಿಯಲ್ ಓಕ್ರೆಂಟ್ ಎಂಬ ಲೇಖಕ ಮತ್ತು ಅವರ ಗೆಳೆಯರು ಒಂದು ಫ್ರೆಂಚ್ ಹೋಟೆಲಿನಲ್ಲಿ ಸೇರುತ್ತಿದ್ದರು. ಆ ಹೋಟೆಲಿನ ಹೆಸರಿನಿಂದಲೇ ಆಟಕ್ಕೆ 'ರೋಟಿಸರಿ' ಎಂಬ ಹೆಸರು ಬಂತು. ನಮ್ಮದು ಅದರ ಇನ್ನೊಂದು ಬಗೆ. ವಾರಕ್ಕೊಬ್ಬ ಎದುರಾಳಿ, ಹತ್ತು ಲೆಕ್ಕ, ಅಂದರೆ ಹತ್ತು ಬಗೆಯ ಅಂಕಿಅಂಶ. ಬ್ಯಾಟಿಂಗ್‌ಗೆ ಐದು, ಪಿಚಿಂಗ್‌ಗೆ (ಚೆಂಡೆಸೆತಕ್ಕೆ) ಐದು. ಒಂದೊಂದು ಲೆಕ್ಕದಲ್ಲೂ ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ, ಇಲ್ಲವೇ ಸಮ ಆಗುತ್ತದೆ. ಒಂದೊಂದು ಲೆಕ್ಕವೂ ಒಂದು ಪಂದ್ಯವಿದ್ದ ಹಾಗೆ.

ಮೂರು ವಾರ ಮುಗಿದಿದೆ. ಅಂದರೆ ಮೂವತ್ತು ಲೆಕ್ಕ. ಹುಬ್ಬಳ್ಳಿಯವನು 19 ಗೆದ್ದು, 9 ಸೋತು, 2 ಸಮ ಮಾಡಿ ಮೊದಲಿದ್ದಾನೆ. ಮೈಸೂರಿನವನು 17 ಗೆಲುವು, 12 ಸೋಲು, 1 ಸಮ. ನನ್ನದು 10, 18, 2. ಬಿಸಿಬೇಳೆ ಬಾತಿನ ಪುಡಿ ಈಗಲೇ ಊರಿಂದ ತರಿಸಿಕೊಳ್ಳಬೇಕೇನೋ.

ಮೊದಲ ತಕರಾರು ತಲೆಬರಹದ್ದು. ನಾನು 'ಅಂಕಪಟ್ಟಿ' ಎಂದು ಹಾಕಿದ್ದೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ನಡೆಯುವ ಪದವೇ. ಆದರೆ ವರದಿಯನ್ನು ಗೆಳೆಯರಿಗೆ ಕಳಿಸುವ ಬದಲು ಕೈತಪ್ಪಿ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟೆ. ಐದೇ ನಿಮಿಷಕ್ಕೆ ದಾವಣಗೆರೆಯಿಂದ ನಮ್ಮ ಅತ್ತೆಯ ಫೋನು. "ಯಾರ ರಿಸಲ್ಟಪ್ಪಾ ಇದು? ಹತ್ತು ಅಂದ್ರೆ ಎಷ್ಟಕ್ಕೆ ಹತ್ತು?" ಅವರಿಗೆ ಅಂಕಪಟ್ಟಿ ಎಂದರೆ ಎಸ್‌ಎಸ್‌ಎಲ್‌ಸಿ. ನನ್ನ ಮಟ್ಟಿಗೆ ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಅಂಕವೇ ಇಲ್ಲ, ಬರೀ ಸೋಲು ಗೆಲುವು. 'ಶ್ರೇಯಾಂಕ' ಎಂದರೆ ಟೆನಿಸ್ ನೆನಪಾಗುತ್ತದೆ. ಅದನ್ನು ಆಟಕ್ಕೆ ಮೊದಲೇ ಕೊಟ್ಟಿರುತ್ತಾರೆ. ಸದ್ಯಕ್ಕೆ 'ಸ್ಥಾನಪಟ್ಟಿ' ಎಂದು ಬದಲಾಯಿಸಿದ್ದೇನೆ. ಸಪ್ಪೆ, ಆದರೆ ತಪ್ಪಿಲ್ಲ. ಇದಕ್ಕಿಂತ ಚೆನ್ನಾಗಿರುವುದು ಇದ್ದರೆ ಹೇಳಿ. ಇದು ದೊಡ್ಡ ವಿಷಯ ಅಲ್ಲ.

ದೊಡ್ಡ ವಿಷಯ 'ಹಿಂದೆ'.

ಬೇಸ್‌ಬಾಲ್‌ನಲ್ಲಿ ಮೊದಲ ಸ್ಥಾನದವನಿಗಿಂತ ನೀವು ಎಷ್ಟು ಹಿಂದಿದ್ದೀರಿ ಎಂಬುದನ್ನು ಪಂದ್ಯಗಳ ಲೆಕ್ಕದಲ್ಲೇ ಹೇಳುತ್ತಾರೆ. ಗೆಲುವಿನ ಅಂತರಕ್ಕೆ ಸೋಲಿನ ಅಂತರ ಸೇರಿಸಿ ಅರ್ಧ ಮಾಡುವುದು. ಹುಬ್ಬಳ್ಳಿಗೂ ಮೈಸೂರಿಗೂ ಗೆಲುವಿನಲ್ಲಿ 2, ಸೋಲಿನಲ್ಲಿ 3 ವ್ಯತ್ಯಾಸ. ಒಟ್ಟು 5, ಅದರ ಅರ್ಧ ಎರಡೂವರೆ. ಅರ್ಧ ಯಾಕೆ ಬೇಕು ಎಂದರೆ, ನೀವಿಬ್ಬರೇ ಎದುರೆದುರು ಆಡಿ ನೀವು ಗೆದ್ದರೆ ಅಂತರ ಒಂದು ಪೂರ್ತಿ ಪಂದ್ಯ ಇಳಿಯುತ್ತದೆ. ಅವನು ಆಡದೆ ಕೂತ ದಿನ ನೀವೊಬ್ಬರೇ ಗೆದ್ದರೆ ಅರ್ಧ ಮಾತ್ರ ಇಳಿಯುತ್ತದೆ. ಚೆಂದದ ಲೆಕ್ಕ. ಕ್ರಿಕೆಟ್ಟಿನಲ್ಲಿ ಗೆದ್ದರೆ ಎರಡು ಪಾಯಿಂಟ್ ಎಂದು ಮುಗಿಸಿಬಿಡುತ್ತಾರೆ. ಅದಕ್ಕೇ ಇರಬೇಕು, ಇದನ್ನು ಹೇಳುವ ಮಾತು ಕನ್ನಡಕ್ಕೆ ಇಲ್ಲಿಯವರೆಗೆ ಬೇಕಾಗಿರಲಿಲ್ಲ.

ನಾನು ಬರೆದದ್ದು ಇಷ್ಟು: 'ಹುಬ್ಬಳ್ಳಿ ಮೊದಲು. ಮೈಸೂರು ಎರಡೂವರೆ ಪಂದ್ಯ ಹಿಂದೆ.'

ಪುತ್ತೂರಿನ ಗೆಳೆಯನ ಅಮ್ಮ ಈಗ ಇಲ್ಲಿಗೆ ಬಂದಿದ್ದಾರೆ. ಮಗನ ಫೋನಿನಲ್ಲಿ ಇದನ್ನು ಓದಿ, "ಎರಡೂವರೆ ಪಂದ್ಯದ ಹಿಂದೆ ಮೈಸೂರಿಗೆ ಏನಾಯ್ತು ಮಗಾ?" ಎಂದು ಕೇಳಿದರಂತೆ. ನಾವೆಲ್ಲ ನಕ್ಕೆವು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದೇ ಸರಿ. 'ಎರಡು ಚುನಾವಣೆ ಹಿಂದೆ' ಎಂದರೆ ಕಾಲ. 'ಎರಡು ವರ್ಷ ಹಿಂದೆ' ಎಂದರೂ ಕಾಲ. 'ಎರಡು ಮೈಲಿ ಹಿಂದೆ' ಎಂದಾಗ ಮಾತ್ರ ಜಾಗ, ಯಾಕೆಂದರೆ ಮೈಲಿಯೇ ದೂರದ ಅಳತೆ. ಪಂದ್ಯ ನಡೆದು ಮುಗಿಯುವ ಸಂಗತಿ. ಅದರ ಮುಂದೆ 'ಹಿಂದೆ' ಇಟ್ಟರೆ ಮನಸ್ಸು ತಾನಾಗಿ ಕ್ಯಾಲೆಂಡರಿನ ಕಡೆ ಹೊರಳುತ್ತದೆ. (ನೋಡಿ, ಈಗ ತಾನೇ 'ಅದರ ಮುಂದೆ ಹಿಂದೆ ಇಟ್ಟರೆ' ಎಂದು ಬರೆದೆ. ಈ ಪದಗಳ ಕಾಟ ಅಷ್ಟಿಷ್ಟಲ್ಲ.)

ಇನ್ನೊಬ್ಬರಿಗೆ ಮೂರನೇ ಅರ್ಥ ಹೊಳೆಯಿತು. ಮೈಸೂರಿನವನು ಎರಡೂವರೆ ಪಂದ್ಯ ಕಡಿಮೆ ಆಡಿದ್ದಾನೆ, ಇನ್ನೂ ಆಡುವುದು ಬಾಕಿ ಇದೆ ಎಂದು. "ಅರ್ಧ ಪಂದ್ಯ ಹೇಗೆ ಬಾಕಿ? ಮಳೆ ಬಂತಾ?" ಎಂಬ ಪ್ರಶ್ನೆಯೂ ಬಂತು.

ಬೇರೆ ಪದ ಹುಡುಕಿದೆವು. 'ಹಿಂದುಳಿದ ತಂಡ' ಎಂದರೆ ಆಯೋಗ, ವರದಿ ಎಲ್ಲ ನೆನಪಾಗುತ್ತದೆ. ಆ ಪದಕ್ಕೆ ಸರ್ಕಾರಿ ಮೊಹರು ಬಿದ್ದು ದಶಕಗಳಾದವು. 'ಹಿನ್ನಡೆ' ಎಂಬುದು ಮತ ಎಣಿಕೆಯ ದಿನ ಟಿವಿಯಲ್ಲಿ ಸರಿಯಾಗಿ ಕೇಳುತ್ತದೆ: ಇವರಿಗೆ ಮುನ್ನಡೆ, ಅವರಿಗೆ ಹಿನ್ನಡೆ. ಅಲ್ಲಿ ಅದು ಬರೀ ಸ್ಥಾನದ ಮಾತು, ಮುಂದಿನ ಸುತ್ತಿನಲ್ಲಿ ಬದಲಾಗಬಹುದು. ಆದರೆ ಉಳಿದ 364 ದಿನ ಹಿನ್ನಡೆ ಎಂದರೆ ಪೆಟ್ಟು, ಸೋಲು. 'ಎರಡೂವರೆ ಪಂದ್ಯಗಳ ಹಿನ್ನಡೆ' ಎಂದರೆ ಪಾಪ ಮೈಸೂರಿನವನು ಆಸ್ಪತ್ರೆ ಸೇರಿದ ಹಾಗಿದೆ. ಅವನು ಎರಡನೇ ಸ್ಥಾನದಲ್ಲಿ ಆರಾಮಾಗಿ ಇದ್ದಾನೆ.

ಕೊನೆಗೆ ನನಗೆ ಹೊಳೆದದ್ದು 'ಅಷ್ಟು'. 'ಎರಡೂವರೆ ಪಂದ್ಯದಷ್ಟು ಹಿಂದೆ.' ಅಷ್ಟು ಸೇರಿದ ಕೂಡಲೇ ಪಂದ್ಯ ಅಳತೆಗೋಲಾಗುತ್ತದೆ. ಮೊಳದಷ್ಟು ಉದ್ದ, ಬೆಟ್ಟದಷ್ಟು ಕೆಲಸ ಎಂದ ಹಾಗೆ. ಕಾಲದ ಅರ್ಥ ಬಿದ್ದುಹೋಗುತ್ತದೆ. 'ಎರಡು ಚುನಾವಣೆಯಷ್ಟು ಹಿಂದೆ' ಎಂದು ಯಾರೂ ಹೇಳುವುದಿಲ್ಲ, ಅಲ್ವಾ?

ಇದನ್ನು ಹುಬ್ಬಳ್ಳಿಯವನು ಒಪ್ಪುತ್ತಿಲ್ಲ. "ಹತ್ತು ಕೇಜಿಯಷ್ಟು ಅಕ್ಕಿ ಅಂದ್ರ ಹತ್ತರ ಸುತ್ತಮುತ್ತ ಅಂತ ಅರ್ಥ. ನಾ ಕರೆಕ್ಟ್ ಎರಡೂವರೆ ಮುಂದ ಅದೀನಿ. ಅಂದಾಜು ಹೇಳಬ್ಯಾಡ" ಎನ್ನುತ್ತಾನೆ. ಮಾತಿನಲ್ಲಿ ಹುರುಳಿದೆ. ಆದರೆ ಪತ್ರಿಕೆಯಲ್ಲಿ 'ಶೇ 12ರಷ್ಟು ಏರಿಕೆ' ಎಂದು ಓದಿದರೆ ಅದು ಸರಿಯಾಗಿ 12 ಎಂದೇ ತಿಳಿಯುತ್ತೇವೆ, ಸುಮಾರು ಎಂದಲ್ಲ. ಅಂದರೆ 'ಅಷ್ಟು' ಎರಡೂ ಕೆಲಸ ಮಾಡುತ್ತದೆ. ಯಾವಾಗ ಅಂದಾಜು, ಯಾವಾಗ ಖಚಿತ? ವ್ಯಾಕರಣ ಬಲ್ಲವರು ಇದನ್ನು ಬಿಡಿಸಿ ಹೇಳಿದರೆ ದೊಡ್ಡ ಉಪಕಾರ. ನನ್ನ ಊಹೆ: ಸಂಖ್ಯೆಯಲ್ಲಿ 'ಎರಡೂವರೆ'ಯಂಥ ಚೂರು ಇದ್ದರೆ ಅದು ಅಂದಾಜು ಆಗುವುದು ಕಷ್ಟ. ಯಾರೂ ಎರಡೂವರೆಗೆ ಅಂದಾಜು ಹಾಕುವುದಿಲ್ಲ, ಎರಡು ಮೂರು ಎಂದುಬಿಡುತ್ತಾರೆ. ಹಾಗಾದರೆ ಹುಬ್ಬಳ್ಳಿಯವನಿಗಿಂತ ನಾನು ಹಿಂದಿರುವ ಒಂಬತ್ತು? 'ಒಂಬತ್ತು ಪಂದ್ಯದಷ್ಟು ಹಿಂದೆ' ಎಂದರೆ ಅಂದಾಜು ಕೇಳಿಸುತ್ತದಾ?

ಇನ್ನೊಂದು ಪದವೂ ಚರ್ಚೆಗೆ ಬಂದಿದೆ. ಇದು ನನಗೆ ಎಲ್ಲಕ್ಕಿಂತ ಇಷ್ಟ.

ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದೊಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಮೂರು ವಾರ ಎಂದರೆ ಸುಮಾರು ಎಂಟೊಂಬತ್ತರಲ್ಲಿ ಒಂದು ಪಾಲು. ಈ ಹೊತ್ತಿನಲ್ಲಿ ಯಾರೋ ಒಬ್ಬ ಚೆಂಡನ್ನು ಚಚ್ಚಿ ಹಾಕುತ್ತಿರುತ್ತಾನೆ, ಆಗಸ್ಟ್ ಹೊತ್ತಿಗೆ ಪತ್ತೆಯೇ ಇರುವುದಿಲ್ಲ. ನಾನು ಇಂಥವರನ್ನು ವರದಿಯಲ್ಲಿ 'ಆರಂಭಶೂರ' ಎಂದು ಕರೆಯುತ್ತಿದ್ದೆ. ಒಳ್ಳೆಯ ಪದ, ಎಲ್ಲರಿಗೂ ಗೊತ್ತಿರುವ ಪದ. ದಕ್ಷಿಣದವರೇ ಆರಂಭಶೂರರು ಎಂದು ಹಳೆಯ ಸಂಸ್ಕೃತ ಗಾದೆಯೊಂದು ನಮ್ಮ ಮೇಲೇ ಗೂಬೆ ಕೂರಿಸಿದೆ ಬೇರೆ.

2006ರಲ್ಲಿ ಡೆಟ್ರಾಯಿಟ್‌ನ ಕ್ರಿಸ್ ಶೆಲ್ಟನ್ ಮೊದಲ 13 ಪಂದ್ಯದಲ್ಲಿ 9 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ಹೊಡೆದ. ವರ್ಷದ ಕೊನೆಗೆ ಒಟ್ಟು 16. ಟಫಿ ರೋಡ್ಸ್ 1994ರಲ್ಲಿ ಷಿಕಾಗೋ ಕಬ್ಸ್ ಪರವಾಗಿ ಮೊದಲ ದಿನವೇ ಮೂರು ಹೋಮ್ ರನ್ ಹೊಡೆದ. ಆ ವರ್ಷ ಅವನದು ಒಟ್ಟು ಎಂಟೇ. ತಂಡಗಳಲ್ಲೂ ಹೀಗೇ. 1987ರಲ್ಲಿ ಮಿಲ್ವಾಕಿ ಬ್ರೂವರ್ಸ್ ಮೊದಲ 13 ಪಂದ್ಯವನ್ನೂ ಗೆದ್ದಿತು, ಆದರೆ ತನ್ನ ವಿಭಾಗದಲ್ಲಿ ಮೂರನೆಯದಾಗಿ ಮುಗಿಸಿತು. ಇವರಿಗೆಲ್ಲ ಆರಂಭಶೂರ ಎಂಬ ಪಟ್ಟ ಸಲೀಸಾಗಿ ಕೂರುತ್ತದೆ.

ಸಕಲೇಶಪುರದ ಗೆಳೆಯ ಇದನ್ನು ತಡೆದ. ಆರಂಭಶೂರ ಎಂಬುದು ಬೈಗುಳ ಎಂದ. ಹೊಸದರಲ್ಲಿ ಹುಮ್ಮಸ್ಸು ತೋರಿಸಿ ಆಮೇಲೆ ಕೈಬಿಟ್ಟವನಿಗೆ ಹೇಳುವ ಮಾತು. ಜನವರಿ ಒಂದಕ್ಕೆ ಓಡಲು ಶುರುಮಾಡಿ ಸಂಕ್ರಾಂತಿಗೆ ನಿಲ್ಲಿಸುತ್ತೇನಲ್ಲ, ನಾನು ಆರಂಭಶೂರ. ಶೆಲ್ಟನ್ ಏನು ಕೈಬಿಟ್ಟ? ಅವನು ಏಪ್ರಿಲ್‌ನಲ್ಲಿ ಎಷ್ಟು ಬೆವರು ಸುರಿಸಿದನೋ ಜೂನ್‌ನಲ್ಲೂ ಅಷ್ಟೇ ಸುರಿಸಿರುತ್ತಾನೆ. ಲೆಕ್ಕ ತನ್ನ ಮಟ್ಟಕ್ಕೆ ಬಂದು ನಿಂತಿತು, ಅಷ್ಟೇ. ರೋಡ್ಸ್ ಅಂತೂ ಜಪಾನಿಗೆ ಹೋಗಿ ಅಲ್ಲಿ 464 ಹೋಮ್ ರನ್ ಹೊಡೆದ. 2001ರಲ್ಲಿ ಒಂದೇ ವರ್ಷ 55 ಹೊಡೆದು ಅಲ್ಲಿನ ಹೆಸರಾಂತ ಆಟಗಾರ ಸದಾಹರು ಓ ಅವರ ದಾಖಲೆ ಸರಿಗಟ್ಟಿದ. ಅವನು ಯಾವ ಕೋನದಿಂದ ಆರಂಭಶೂರ? ನಮ್ಮ ಲೀಗಿನ ಮೊದಲ ವರ್ಷವೇ ನಾನು ಟ್ರೆವರ್ ಸ್ಟೋರಿ ಎಂಬ ಆಟಗಾರನಿಗೆ ಈ ಪದ ಬಳಸಿದ್ದೆ. ಮೊದಲ ಆರು ಪಂದ್ಯದಲ್ಲಿ ಏಳು ಹೋಮ್ ರನ್. ಇವನು ಹೆಚ್ಚು ದಿನ ಬಾಳುವುದಿಲ್ಲ ಬಿಡಿ ಎಂದು ಬರೆದೆ. ಅವನು 97 ಪಂದ್ಯದಲ್ಲಿ 27 ಹೊಡೆದ. ಅವನನ್ನು ನಿಲ್ಲಿಸಿದ್ದು ಹೆಬ್ಬೆರಳಿನ ಗಾಯ, ಸೋಮಾರಿತನ ಅಲ್ಲ.

ಹಾಗಾದರೆ ಬೈಯದೆ ಹೇಳುವ ಪದ ಯಾವುದು ಎಂದು ಕೇಳಿದೆ. ಅವನು ಹೇಳಿದ್ದು 'ಹೂಮಳೆ'.

ಕಾಫಿ ಸೀಮೆಯವರಿಗೆ ಗೊತ್ತು. ಮಾರ್ಚ್ ಏಪ್ರಿಲ್ ಹೊತ್ತಿಗೆ ಒಂದು ಮಳೆ ಬರಬೇಕು. ಅದು ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳುತ್ತದೆ. ನೋಡಿದವರು ಈ ವರ್ಷ ಬಂಪರ್ ಬೆಳೆ ಎನ್ನುತ್ತಾರೆ. ಆದರೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಬೆಳೆಗಾರರು ಅದನ್ನು 'ಬ್ಯಾಕಿಂಗ್ ಮಳೆ' ಎನ್ನುತ್ತಾರೆ. "ಶೆಲ್ಟನ್‌ದು ಹೂಮಳೆ ಆಟ ಕಣೋ. ಹೂವು ನಿಜ, ಸುಳ್ಳಲ್ಲ. ಬ್ಯಾಕಿಂಗ್ ಬರಲಿಲ್ಲ, ಅಷ್ಟೇ" ಎಂದ. ಬೇಸ್‌ಬಾಲ್ ಶುರುವಾಗುವುದೂ ಅದೇ ತಿಂಗಳಲ್ಲಿ. ನನಗೆ ತುಂಬಾ ಹಿಡಿಸಿತು. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆ ಮೊಳಕೆ ನೋಡಿ ತೀರ್ಪು ಕೊಡುತ್ತದೆ. ಆರಂಭಶೂರ ಎಂಬುದು ಬೆಳೆ ನೋಡಿ ತೀರ್ಪು ಕೊಡುತ್ತದೆ. ಹೂಮಳೆ ಏನೂ ತೀರ್ಪು ಕೊಡುವುದಿಲ್ಲ. ಮೂರನೇ ವಾರದ ಸ್ಥಾನಪಟ್ಟಿಗೆ ಬೇಕಾದದ್ದು ಅಂಥ ಪದವೇ.

ತೊಂದರೆ ಏನೆಂದರೆ, ಹೂಮಳೆ ಎಂದರೆ ಹೆಚ್ಚಿನವರಿಗೆ ಮೆರವಣಿಗೆಯಲ್ಲಿ ಹೂವು ಸುರಿಯುವುದು. 'ಈ ವಾರ ಇವನದು ಹೂಮಳೆ ಆಟ' ಎಂದು ಬರೆದರೆ ಸನ್ಮಾನ ಮಾಡಿದ ಹಾಗೆ ಓದಿಕೊಳ್ಳುತ್ತಾರೆ. ಮೈಸೂರಿನವನು ಹಾಗೇ ಓದಿಕೊಂಡ, ಅವನಿಗೆ ಖುಷಿಯೂ ಆಯಿತು. ಹಾಗಾಗಿ ಚಿಕ್ಕಮಗಳೂರು, ಕೊಡಗು, ಹಾಸನದ ಕಡೆಯವರು ಹೇಳಬೇಕು: ನಿಮ್ಮ ಕಡೆ ಇದನ್ನು ಮಳೆ ಬಿಟ್ಟು ಬೇರೆ ಯಾವುದಕ್ಕಾದರೂ, ಮನುಷ್ಯರ ಬಗ್ಗೆ ಆಡುವಾಗ, ಬಳಸಿದ್ದು ಕೇಳಿದ್ದೀರಾ? ಬ್ಯಾಕಿಂಗ್ ಮಳೆಗೆ ಹಿರಿಯರು ಹೇಳುತ್ತಿದ್ದ ಬೇರೆ ಹೆಸರು ಇದೆಯಾ? ಮಾವು, ಗೇರು ಬೆಳೆಯುವ ಕಡೆ ಹೂವು ಬಂದು ಕಾಯಿ ನಿಲ್ಲದ ವರ್ಷಕ್ಕೆ ಏನನ್ನುತ್ತೀರಿ?

ಮುಂದಿನ ವರದಿ ಸೋಮವಾರ ಹೋಗಬೇಕು. ಅಲ್ಲಿಯವರೆಗೆ 'ಎರಡೂವರೆ ಪಂದ್ಯದಷ್ಟು ಹಿಂದೆ' ಎಂದೇ ಇಟ್ಟಿರುತ್ತೇನೆ. ಹುಬ್ಬಳ್ಳಿಯವನ ಬಾಯಿ ಮುಚ್ಚಿಸುವ ಒಂದು ಒಳ್ಳೆಯ ಉದಾಹರಣೆ ಯಾರಾದರೂ ಭಾನುವಾರದೊಳಗೆ ಕಳಿಸಿ.